ಮಗಳು ದೂರದ ಕಾಲೇಜನ್ನೇ ಆರಿಸಿದ್ದು

ಶಾಂತಿ ಮತ್ತು ಸಂಘರ್ಷ ಪರಿಹಾರ ಎಂಬ ವಿಷಯದಲ್ಲಿ ಎಂ.ಎ. ಮಾಡುತ್ತೇನೆ ಎಂದು ಮಗಳು ಹೇಳಿದಾಗ ನನಗೆ ನಗು ಬಂತು, ನಕ್ಕೂ ಬಿಟ್ಟೆ. ಜಗಳ ಬಿಡಿಸಲು ಕಲಿಸುವ ಕಾಲೇಜೂ ಉಂಟಾ ಮಾರಾಯ್ತಿ ಎಂದು ಕೇಳಿದೆ. ಅವಳು ನಗಲಿಲ್ಲ. ಕುಂಬ್ರ ಪೇಟೆಯಲ್ಲಿ ಯಾರಾದರೂ ಮಗಳು ಮುಂದೆ ಎಂತ ಕಲಿಯುವುದು ಎಂದು ವಿಚಾರಿಸಿದರೆ, ಸೋಷಿಯಲ್ ವರ್ಕ್ ಎಂದು ಸುಳ್ಳು ಹೇಳುತ್ತಿದ್ದೆ. ನಮ್ಮ ಮನೆಯ ಕಥೆ ಗೊತ್ತಿದ್ದವರು ಬೆನ್ನ ಹಿಂದೆ ನಗುತ್ತಾರೆಂದು ನಾಚಿಕೆ.

ಕಥೆ ಇಷ್ಟೆ. ನಮ್ಮ ಮನೆಗೂ ನನ್ನ ಅಣ್ಣನ ಮನೆಗೂ ನಡುವೆ ಒಂದು ಬೇಲಿ. ಆಸ್ತಿ ಪಾಲಾದ ಮೇಲೆ ಅವನು ಗಡಿಕಲ್ಲನ್ನು ನನ್ನ ಕಡೆಗೆ ಸರಿಸಿದ ಎಂದು ನಾಲ್ಕು ಜನರ ಎದುರು ಹೇಳಿಬಿಟ್ಟೆ. ಕಣ್ಣಾರೆ ಕಂಡವಳಲ್ಲ. ಸಿಟ್ಟು ಬಂದರೆ ನನ್ನ ನಾಲಿಗೆ ನನ್ನ ಮಾತನ್ನೇ ಕೇಳುವುದಿಲ್ಲ. ಅವನು ನೇರ ದೇವಸ್ಥಾನಕ್ಕೆ ಹೋಗಿ ಆಣೆ ಹಾಕಿ ಬಂದ: ಈ ಎರಡು ಮನೆಗಳ ನಡುವೆ ಇನ್ನು ಮಾತಿಲ್ಲ, ನೀರಿಲ್ಲ. ನಮ್ಮ ಕಡೆ ಕೋರ್ಟಿನ ತಡೆಯಾಜ್ಞೆಯನ್ನಾದರೂ ಮೀರಿಯಾರು, ಆಣೆಯನ್ನು ಮೀರುವವರಿಲ್ಲ. ಮೀರಿದರೆ ಮನೆಯ ಮಕ್ಕಳಿಗೆ ಕೆಡುಕು ತಾಗುತ್ತದೆ ಎಂಬ ಹೆದರಿಕೆ. ಬಿಡಿಸಬೇಕಾದರೆ ಇಬ್ಬರೂ ಒಟ್ಟಿಗೆ ಹೋಗಿ, ದೇವರೆದುರು ತಪ್ಪಾಯಿತು ಎಂದು ಹೇಳಿ, ಒಬ್ಬರ ಕೈಯಿಂದ ಇನ್ನೊಬ್ಬರು ನೀರು ಕುಡಿಯಬೇಕು.

ಆಗ ಮಗಳು ನನ್ನ ಹೊಟ್ಟೆಯಲ್ಲಿದ್ದಳು. ಹುಟ್ಟದವರ ಬಾಯಿಯನ್ನು ಆಣೆ ಕಟ್ಟುವುದಿಲ್ಲ ಎಂದು ಬೇಲಿಯ ಆಚೆಗಿನವನೂ ಈಚೆಗಿನವಳೂ ನಮ್ಮಷ್ಟಕ್ಕೇ ತೀರ್ಮಾನಿಸಿಕೊಂಡೆವು. ನನ್ನ ಗಂಡನೂ ಆಣೆಯೊಳಗಿನವರೇ. ಮನೆಯ ಮಾತನ್ನು ಹೊರಗಿನವರ ಕೈಯಲ್ಲಿ ಹೇಳಿಸುವ ಕ್ರಮ ನಮ್ಮಲ್ಲಿಲ್ಲ. ಹಾಗಾಗಿ ಮಾತು ಬಂದಂದಿನಿಂದ ಅವಳನ್ನೇ ಓಡಿಸಿದೆವು. ಪಂಪು ನಿಲ್ಲಿಸಲು ಹೇಳು, ದನ ಕಟ್ಟಲು ಹೇಳು, ಅಜ್ಜಿಯ ತಿಥಿ ಅಲ್ಲೇ ಮಾಡಲಿ ಎಂದು ಹೇಳು. ಪರೀಕ್ಷೆಗೆ ಓದುತ್ತಿದ್ದವಳನ್ನು ಎಬ್ಬಿಸಿ ಕಳಿಸಿದ್ದುಂಟು. ಬೈಗುಳವನ್ನೂ ಕಳಿಸಿದ್ದೇವೆ. ಅದನ್ನು ಅವಳು ಮೆತ್ತಗೆ ಮಾಡಿ ತಲುಪಿಸುತ್ತಿದ್ದಳು ಎಂದು ನನಗೆ ಈಗ ಅನ್ನಿಸುತ್ತದೆ.

ಎರಡು ಕಡೆ ಸೀಟು ಸಿಕ್ಕಿತು. ಒಂದು ಗಡಿ ದಾಟಿದರೆ ಕೇರಳದಲ್ಲಿ, ಶನಿವಾರ ಶನಿವಾರ ಮನೆಗೆ ಬರಬಹುದು. ಇನ್ನೊಂದು ಉತ್ತರದಲ್ಲಿ, ರೈಲಿನಲ್ಲಿ ಎರಡು ದಿನದ ದಾರಿ. ಹತ್ತಿರದ್ದರಲ್ಲಿ ಅನುಭವಸ್ಥ ಮೇಷ್ಟ್ರುಗಳಿದ್ದರು, ರಾಜಿ ಪಂಚಾಯಿತಿಕೆ ನಡೆಯುವಲ್ಲಿಗೆ ಮಕ್ಕಳನ್ನು ಕರೆದೊಯ್ಯುತ್ತಿದ್ದರು. ದೂರದ್ದು ಹೊಸದು, ಹಾಸ್ಟೆಲ್ ಹೇಗೋ ಏನೋ. ಇದರಲ್ಲಿ ಯೋಚಿಸಲಿಕ್ಕೆ ಎಂತ ಉಂಟು ಎಂದು ನಾನು ರೇಗಿದೆ. ಒಪ್ಪಿಗೆ ಕೊಡಲು ಬರುವ ಶುಕ್ರವಾರ ಕೊನೆಯ ದಿನ, ಅವಳು ಇನ್ನೂ ಫೋನ್ ಹಿಡಿದು ಕೂತಿದ್ದಳು.

ಸೋಮವಾರ ಬಾಯಿಬಿಟ್ಟಳು. “ಹತ್ತಿರದ್ದೇ ಒಳ್ಳೆಯದು ಅಮ್ಮ, ಗೊತ್ತುಂಟು. ಆದ್ರೆ ವಾರ ವಾರ ಬಂದು ಇದೇ ಕೆಲಸ ಮಾಡ್ಲಿಕ್ಕೆ ನನ್ನಿಂದಾಗುದಿಲ್ಲ. ನೀವಿಬ್ರು ಆಣೆ ಬಿಡಿಸಿ, ನಾನು ಹತ್ತಿರದ್ದಕ್ಕೇ ಸೇರ್ತೇನೆ.”

ಬೇಲಿಯಾಚೆ ಮಾವನಿಗೂ ಹೇಳಿದ್ದಳಂತೆ, ಅವನು ಒಪ್ಪಿದ್ದನಂತೆ. ನನಗೆ ಒಳಗೊಳಗೇ ಸಂತೋಷವಾಯಿತು, ದೇವರಾಣೆಗೂ ಆಯಿತು. ಆದರೆ ಬಾಯಲ್ಲಿ ಬಂದದ್ದು ಬೇರೆ. ತಪ್ಪಾಯಿತು ಎಂದು ಮೊದಲು ಯಾರು ಹೇಳುವುದು ಎಂದು ಕೇಳಿ ಬಾ ಎಂದೆ. ಮಂಗಳವಾರ ಸಂಜೆ ಹೋದಳು. ಆರೋಪ ಮಾಡಿದವಳೇ ಮೊದಲು ಹೇಳಲಿ ಎಂದು ಉತ್ತರ ತಂದಳು. ಆಣೆ ಹಾಕಿದವನೇ ಹೇಳಲಿ ಎಂದು ತಿರುಗಿ ಕಳಿಸಿದೆ. ತಾನು ಹಿರಿಯ ಎಂಬುದನ್ನಾದರೂ ನೋಡಲಿ ಎಂದು ಅವನು ಹೇಳಿ ಕಳಿಸಿದ. ಹಿರಿಯನಾದರೆ ಹಿರಿಯನ ಹಾಗೆ ನಡೆದುಕೊಳ್ಳಲಿ ಎಂದು ಮೂರನೇ ಸಲ ಓಡಿಸಿದೆ.

ಅವಳು ಹಿಂದೆ ಬರುವಾಗ ನಾನು ಜಗಲಿಯಲ್ಲಿ ಕುದಿಯುತ್ತಾ ನಿಂತಿದ್ದೆ. ಮೆಟ್ಟಿಲು ಹತ್ತುವ ಮೊದಲೇ ಹೇಳಿದೆ, “ಅವ ಸತ್ತರೂ ನಾನು ಮೊದಲು ಹೇಳುದಿಲ್ಲ. ಹೋಗಿ ಹೇಳು.”

ಹೋಗಲಿಲ್ಲ. ಮೆಟ್ಟಿಲಲ್ಲೇ ಕೂತು ಫೋನ್ ತೆಗೆದು ಏನೋ ಒತ್ತಿದಳು. ದೂರದ್ದಕ್ಕೆ ಒಪ್ಪಿಗೆ ಕೊಟ್ಟೆ ಎಂದಷ್ಟೇ ಹೇಳಿ ಒಳಗೆ ಹೋದಳು. ನಾನು ಸಿಟ್ಟಿನಲ್ಲಿ ಎರಡು ದಿನ ಅವಳೊಡನೆ ಮಾತಾಡಲಿಲ್ಲ. ಆಮೇಲೆ ಸುಮ್ಮನೆ ಬಟ್ಟೆ ಮಡಚಿ ಕೊಟ್ಟೆ, ಉಪ್ಪಿನಕಾಯಿ ಕಟ್ಟಿದೆ.

ಹೊರಡುವ ದಿನ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಅವಳಪ್ಪ ಬ್ಯಾಗುಗಳನ್ನು ಮಂಗಳೂರು ಬಸ್ಸಿಗೆ ಹಾಕುತ್ತಿದ್ದರು. ಅಲ್ಲಿಂದ ಮುಂದೆ ಅವಳಿಗೆ ರೈಲು. ಅವಳು ನನ್ನ ಕೈ ಹಿಡಿದುಕೊಂಡಳು.

“ಮೂರನೇ ಸಲ ಮಾವ ಆಯ್ತು ಅಂದ್ರು ಅಮ್ಮ. ನಾನೇ ಮೊದಲು ಹೇಳ್ತೇನೆ, ಅವಳು ಬಂದು ಹತ್ರ ನಿಂತ್ರೆ ಸಾಕು ಅಂದ್ರು. ಅದನ್ನು ಹೇಳ್ಲಿಕ್ಕೆ ಓಡಿ ಬಂದದ್ದು ನಾನು. ನೀನು ಬಿಡ್ಲೇ ಇಲ್ಲ.”

ಈಗಲೇ ಫೋನ್ ಮಾಡಿ ಅವನಿಗೆ ಹೇಳು ಎಂದು ಬೇಡಿಕೊಂಡೆ. ಅವಳು ತಲೆ ಅಲ್ಲಾಡಿಸಿದಳು. ಇನ್ನು ಯಾರ ಮಾತನ್ನೂ ತಾನು ಹೊರುವುದಿಲ್ಲ ಎಂದು ಮೆಲ್ಲಗೆ ಹೇಳಿ ಬಸ್ಸು ಹತ್ತಿದಳು.

ಮರುದಿನ ಬೆಳಿಗ್ಗೆ ಅಣ್ಣ ಅಂಗಳದಲ್ಲಿ ರಬ್ಬರ್ ಶೀಟು ಒಣಗಹಾಕುತ್ತಿದ್ದ. ಅವನ ಮಟ್ಟಿಗೆ, ಅವನು ಸೋತು ಹೇಳಿ ಕಳಿಸಿದ ಮಾತಿಗೆ ನಾನು ಉತ್ತರವನ್ನೇ ಕೊಟ್ಟಿಲ್ಲ. ನಾನು ಬೇಲಿಯ ತನಕ ಹೋದೆ. ಅವನು ಕೆಲಸ ಬಿಟ್ಟು ನನ್ನ ಕಡೆ ನೋಡಿದ. ಅಣ್ಣ ಎನ್ನಲು ಬಾಯಿ ತೆರೆದೆ. ಮಗಳು ಇನ್ನೂ ರೈಲಿನಲ್ಲಿದ್ದಳು, ಒಬ್ಬಳೇ, ಕಾಲೇಜಿನ ಊರು ಸೇರಲು ಒಂದು ದಿನ ಬಾಕಿ. ಆಣೆ ಮುರಿದರೆ ತಾಗುವುದು ಅವಳಿಗೆ. ನಾನು ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ.