ಯಾರೂ ಮಲಗಿರದ ಡೇರೆ

ಮೊನ್ನೆ ಡಾಕ್ಟರು ನನ್ನ ರಕ್ತದ ರಿಪೋರ್ಟು ನೋಡಿ, "ಅಜ್ಜೀ, ದಿನಾ ಒಂದು ಚಮಚ ಅಗಸಿ ಎಣ್ಣಿ ತಗೋರಿ" ಎಂದರು. ಅಗಸಿ ಚಟ್ನಿಯಲ್ಲೇ ರೊಟ್ಟಿ ತಿಂದು ಎಂಬತ್ತರ ಹತ್ತಿರ ಬಂದವಳಿಗೆ ಅಗಸಿಯ ಉಪದೇಶ ಮಾಡಲು ಇಷ್ಟು ಓದಬೇಕಾಗಿತ್ತೇ ಎಂದು ಕೇಳಬೇಕೆನ್ನಿಸಿತು. ಸೊಸೆ ಕಣ್ಣು ಬಿಟ್ಟಳು, ಚೀಲ ಎತ್ತಿಕೊಂಡು ಎದ್ದೆ. ಮನೆಗೆ ಬಂದು ಅವಳು ಔಷಧಿ ಅಂಗಡಿಯಿಂದ ತಂದ ಪುಟ್ಟ ಬಾಟಲಿಯ ಮುಚ್ಚಳ ತೆಗೆದು ಮೂಸಿದೆ ನೋಡಿ, ನಿಮ್ಮಾಣೆ, ನನಗೆ ಬಂದದ್ದು ಡೇರೆಯ ವಾಸನೆ. ಬಿಸಿಲಿಗೆ ಕಾದ ಹೊಸ ಅರಿವೆ, ಅದರ ಮೇಲೆ ಬಳಿದ ಅಗಸಿ ಎಣ್ಣೆ, ಒಳಗೆ ಕುಳಿತ ನಾವು. ಸೊಸೆ ನೋಡುತ್ತಾಳೆಂದು ಕೂಡ ಲೆಕ್ಕಿಸದೆ ಮತ್ತೊಮ್ಮೆ ಮೂಸಿದೆ.

ಡೇರೆ ಎಂದರೆ ನೀವು ಮದುವೆಯ ಶಾಮಿಯಾನ ನೆನೆಸಿಕೊಳ್ಳಬೇಡಿ. ಇದು ನಮ್ಮ ಮನೆಯವರೆಲ್ಲ ಸೇರಿ, ಜಗಳಾಡಿ, ಊರೂರು ಸುತ್ತಿ ಆರಿಸಿದ ನಮ್ಮದೇ ಡೇರೆ. ಆಗ ನಾವಿದ್ದದ್ದು ರೋಣದಲ್ಲಿ. ನನಗೆ ಒಂಬತ್ತು ವರ್ಷ, ತಮ್ಮ ಶಂಕ್ರನಿಗೆ ಆರು. ಅಪ್ಪ ಮೋಜಣಿ ಖಾತೆಯಲ್ಲಿದ್ದ. ಮೋಜಣಿ ಎಂದರೆ ಹೊಲ ಅಳೆಯುವ ಕೆಲಸ. ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ ಅಪ್ಪ ಕಬ್ಬಿಣದ ಸರಪಳಿ ಎತ್ತಿಕೊಂಡು ಹಳ್ಳಿ ಹಳ್ಳಿ ತಿರುಗಲು ಹೊರಡುತ್ತಿದ್ದ. ಅದೇ ಹೊತ್ತಿಗೆ ನಮಗೆ ಸಾಲಿಯ ಸೂಟಿ, ಎಂದರೆ ಬೇಸಿಗೆಯ ರಜೆ, ಬೀಳುತ್ತಿತ್ತು. ಊರಿನ ಮಕ್ಕಳೆಲ್ಲ ತಮ್ಮ ತಮ್ಮ ಅಪ್ಪನ ಹೆಗಲೇರಿ ಕುಳಿತಿದ್ದರೆ ನಮ್ಮಪ್ಪ ಯಾವುದೋ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಮಲಗಿರುತ್ತಿದ್ದ. ಸಾಹೇಬರಿಗೆ ಸರಕಾರಿ ಡೇರೆ ಇತ್ತು. ಸರಪಳಿ ಎಳೆಯುವವರಿಗೆ ಗುಡಿ ಇಲ್ಲವೇ ಚಾವಡಿ.

ಒಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತ, ತಲೆ ಎತ್ತದೆಯೇ ಹೇಳಿದಳು.

"ಈ ಸೂಟ್ಯಾಗ ನಾವೂ ಬರ್ತೀವ್ರಿ."

"ಎಲ್ಲಿಗೆ?"

"ನೀವು ಹೋದಲ್ಲಿಗೆ."

"ಗುಡಿ ಕಟ್ಟಿ ಮ್ಯಾಲ ಐದು ಮಂದಿ ಹ್ಯಾಂಗ ಮಲಗೂದು?"

"ಒಂದು ಡೇರೆ ತಗೋರಿ."

ಪೇಟೆಯಿಂದ ಬರುವಾಗ ನಾಲ್ಕು ಬದನೇಕಾಯಿ ತನ್ನಿ ಎನ್ನುವ ಧಾಟಿಯಲ್ಲೇ ಅಂದಳು. ಅಪ್ಪ ನಗಲಿಲ್ಲ. ಕೈಯಲ್ಲಿದ್ದ ರೊಟ್ಟಿ ತಟ್ಟೆಗಿಟ್ಟು ಬೆರಳು ಮಡಚಿ ರೊಕ್ಕದ ಲೆಕ್ಕ ಹಾಕಿದ. ಆ ವರ್ಷ ಅವ್ವನ ಹೊಸ ಸೀರೆ, ಅಪ್ಪನ ಸೈಕಲ್ಲು ಎರಡೂ ಮುಂದಿನ ವರ್ಷಕ್ಕೆ ಹೋದವೆಂದು ನನಗೆ ಅಲ್ಲೇ ತಿಳಿಯಿತು. ನಾನೂ ಶಂಕ್ರನೂ ಊಟ ಬಿಟ್ಟು ಕುಣಿಯಲು ಎದ್ದೆವು.

ಕುಣಿತಕ್ಕೆ ಕಲ್ಲು ಹಾಕಿದವಳು ಆಯಿ. ಆಯಿ ಎಂದರೆ ಅಪ್ಪನ ತಾಯಿ. ಮೂಲೆಯಲ್ಲಿ ಕುಳಿತು ಎಲೆ ಅಡಿಕೆ ಕುಟ್ಟುತ್ತಿದ್ದವಳು ಕೈ ನಿಲ್ಲಿಸಿ, "ಅರಿವಿ ಮನ್ಯಾಗ ನಾ ಕಾಲಿಡಾಂಗಿಲ್ಲ" ಎಂದಳು. "ಊರಾಗ ಇಲಿ ಬಿದ್ದಾವೇನು, ಮನಿ ಬಿಟ್ಟು ಅಡವ್ಯಾಗ ಮಲಗಾಕ?"

ಈ ಮಾತಿನ ಅರ್ಥ ನಿಮಗೆ ಹೇಳಲೇಬೇಕು. ಆಯಿಯ ಪ್ರಾಯದ ಕಾಲದಲ್ಲಿ ಪ್ಲೇಗು ಬಂದಾಗ ಮೊದಲು ಮನೆಯ ಜಂತಿಯಿಂದ ಇಲಿಗಳು ಸತ್ತು ಬೀಳುತ್ತಿದ್ದವಂತೆ. ಇಲಿ ಬಿದ್ದಿತೆಂದರೆ ಊರೇ ಮನೆಗೆ ಬೀಗ ಹಾಕಿ ಹೊರಗೆ ಹೊಲಗಳಲ್ಲಿ ತಟ್ಟಿ ಕಟ್ಟಿ, ಹಳೆಯ ಅರಿವೆಯ ಡೇರೆ ಹೊಡೆದು ಇರಬೇಕು. ಅಂಥ ಒಂದು ಡೇರೆಯಲ್ಲಿ ನಮ್ಮ ಅಜ್ಜ ತೀರಿಕೊಂಡ. ಅಪ್ಪ ಆಗ ಎದೆಹಾಲು ಬಿಡದ ಕೂಸು. ನಮಗೆ ಗೊತ್ತಿದ್ದದ್ದು ಇಷ್ಟೇ. ಆಯಿ ಅದಕ್ಕಿಂತ ಹೆಚ್ಚು ಯಾರಿಗೂ ಹೇಳಿರಲಿಲ್ಲ. ಆಯಿಯನ್ನು ಒಬ್ಬಳನ್ನೇ ರೋಣದಲ್ಲಿ ಬಿಡುವಂತಿರಲಿಲ್ಲ. ಅವಳು ಬರದಿದ್ದರೆ ಅವ್ವ ಇಲ್ಲ, ಅವ್ವ ಇಲ್ಲದಿದ್ದರೆ ನಾವಿಲ್ಲ. ನಮ್ಮ ಸೂಟಿ, ನಮ್ಮ ಅಪ್ಪ, ಎಲ್ಲ ಆ ಮುದುಕಿಯ ಒಂದು "ಹೂಂ"ಗೆ ಕಟ್ಟಿಬಿದ್ದಿತ್ತು.

ಅವ್ವ ಜಾಣೆ. "ನೀವು ಬರೂದು ಬ್ಯಾಡ್ರಿ ಅತ್ತಿ, ಆರಿಸಾಕ ಬರ್ರಿ. ನಮಗೇನು ತಿಳೀತೇತಿ ಅರಿವಿ ಬಗ್ಗೆ" ಎಂದಳು. ಆರಿಸಲು ಕರೆದರೆ ಬರದ ಹೆಂಗಸು ಈ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಹೀಗೆ ಒಂದು ಮುಂಜಾನೆ ಬುತ್ತಿ ಕಟ್ಟಿಕೊಂಡು ಐದೂ ಮಂದಿ ನರಗುಂದದ ಬಸ್ಸು ಹತ್ತಿದೆವು. ನಾನು ದಾರಿಯುದ್ದಕ್ಕೂ ಪಕ್ಕದವರಿಗೆಲ್ಲ "ನಾವು ಡೇರೆ ತರಾಕ ಹೊಂಟೀವ್ರಿ" ಎಂದು ಸಾರುತ್ತಿದ್ದೆ. ಒಬ್ಬ ಮುದುಕ, "ಯಾವ ಸರ್ಕಸ್ಸಿನವರ್ರಿ ನೀವು?" ಎಂದು ಕೈ ಮುಗಿದು ಕೇಳಿದ.

ನರಗುಂದದಲ್ಲಿ ಗುಡ್ಡದ ಬುಡಕ್ಕೆ ಹಳೆಯ ಸಾಮಾನಿನ ಅಂಗಡಿಯೊಂದಿತ್ತು. ಯುದ್ಧ ಮುಗಿದ ಮೇಲೆ ಲಿಲಾವಿನಲ್ಲಿ ಹರಾಜು ಕೂಗಿ ತಂದ ಮಿಲಿಟರಿ ಡೇರೆಯೊಂದನ್ನು ಅಂಗಡಿಯವನು ಹಿಂದಿನ ಬಯಲಲ್ಲಿ ಹೊಡೆದು ತೋರಿಸಿದ. ಅಬ್ಬಾ! ಒಳಗೆ ಎತ್ತು ಕಟ್ಟಬಹುದಾಗಿತ್ತು. ಅಪ್ಪ ಸುತ್ತ ಹೆಜ್ಜೆ ಹಾಕಿ ಅಳೆದ. ಅವ್ವ ನಡುವೆ ಕುಳಿತು, ಸೆರಗು ಸಿಕ್ಕಿಸಿ, ಬರಿಗೈಯಲ್ಲಿ ಪಟಪಟ ರೊಟ್ಟಿ ಬಡಿದು, ಮೊಣಕೈ ಎಲ್ಲಿಯೂ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಅಂಗಡಿಯವನು ಬಾಯಿ ತೆರೆದು ನೋಡುತ್ತಿದ್ದ. ಆಯಿ ಹೊರಗೇ ನಿಂತು ಅರಿವೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದಳು.

"ಇದರಾಗ ಯಾರ್ ಯಾರ್ ಮಲಗಿದ್ರಪಾ?"

"ಸಿಪಾಯಿಗೋಳ್ರಿ ಅಮ್ಮಾ."

"ಎಲ್ಲಾರೂ ಎದ್ದು ಮನಿಗಿ ಹೋದ್ರೇನು?"

ಅಂಗಡಿಯವನು ಮಾತು ತಿರುಗಿಸಿ ಬೆಲೆ ಹೇಳಿದ. ಅದನ್ನು ಕೇಳಿದ್ದೇ ಅಪ್ಪ ಅಳೆಯುವುದು ಬಿಟ್ಟು ಹೊರಗೆ ಬಂದ.

ಅಂಗಡಿಯವನು ಸೋಲುವ ಆಸಾಮಿಯಲ್ಲ. ಮುಳುಗಿಹೋದ ನಾಟಕ ಕಂಪನಿಯೊಂದರ ಪರದೆಗಳನ್ನು ಹರವಿದ. ಒಂದರ ಮೇಲೆ ಅರಮನೆ, ಬಂಗಾರದ ಕಂಬಗಳು, ಕಾರಂಜಿ, ಎರಡು ನವಿಲು! ಇದನ್ನೇ ಡೇರೆಯಾಗಿ ಹೊಲಿಸಿದರೆ? ನನಗೆ ಉಸಿರೇ ನಿಂತಿತು. ಹೊಲದ ನಡುವೆ ನವಿಲಿನ ಅರಮನೆಯಲ್ಲಿ ನಾನು! ಬೆಲೆಯೂ ಅಗ್ಗ. ಅಪ್ಪನ ಕಣ್ಣು ಕೂಡ ಹೊಳೆದವು. ಅವ್ವ ಪರದೆಯನ್ನು ಬಿಸಿಲಿಗೆ ಎತ್ತಿ ಹಿಡಿದಳು. ಹಗಲಲ್ಲೇ ನಕ್ಷತ್ರ ಕಂಡವು. ಒಂದು ನವಿಲಿಗೆ ಹೊಟ್ಟೆಯೇ ಇರಲಿಲ್ಲ. ನಾನು ಅಂಗಡಿಯ ಬಾಗಿಲಲ್ಲಿ ಬಿದ್ದು ಹೊರಳಾಡಿದೆ. ಇಂದಿಗೂ ನನಗೆ ಆ ನವಿಲು ತಪ್ಪಿಹೋಯಿತೆಂಬ ಹಳಹಳಿ ಇದೆ.

ಬಸ್ಸಿನಲ್ಲಿ ಆಯಿ ಯಾರೂ ಕೇಳದೆಯೇ ಹೇಳಿದಳು: "ಯಾರೂ ಮಲಗಿರಬಾರದು. ಹೊಸಾ ಕೋರಿ ಅರಿವಿ ಆದ್ರ... ನೋಡೂಣು." ನಮ್ಮ ಮನೆಯಲ್ಲಿ "ನೋಡೂಣು" ಎಂದರೆ ಇಲ್ಲ ಎಂದರ್ಥ. ಅಪ್ಪ ಮಾತ್ರ ಅದನ್ನು ಅರ್ಧ "ಹೂಂ" ಎಂದು ಹಿಡಿದುಕೊಂಡ.

ಹೊಸ ಅರಿವೆ ಎಂದರೆ ಗಜೇಂದ್ರಗಡ. ಮುಂದಿನ ವಾರ ಅಲ್ಲಿಗೆ ಹೋದೆವು. ಓಣಿಗೆ ಕಾಲಿಟ್ಟರೆ ಮನೆಮನೆಯಿಂದ ಮಗ್ಗದ ಖಟಖಟ. ನೇಕಾರನೊಬ್ಬ ದಪ್ಪ ನೂಲಿನ ಒರಟು ಅರಿವೆ ನೇಯುತ್ತಿದ್ದ. ಆಯಿ ಮಗ್ಗದ ಹತ್ತಿರ ಹೋಗಿ ಅದೇ ಪ್ರಶ್ನೆ ಕೇಳಿದಳು. ಅವನು ಲಾಳಿ ನಿಲ್ಲಿಸಿ ನಕ್ಕ. "ಅಮ್ಮಾರ, ಇದು ಇನ್ನೂ ಹುಟ್ಟಾಕತ್ತೇತ್ರಿ. ಇದರ ಮ್ಯಾಲ ನೊಣಾ ಸೈತ ಕುಂತಿಲ್ಲ."

ಆಯಿ ಅರಿವೆಯ ಮೇಲೆ ಇಡೀ ಅಂಗೈ ಇಟ್ಟಳು. ಅಪ್ಪ ಅಲ್ಲೇ ಕುಳಿತು ಲೆಕ್ಕ ಹಾಕಿದ. ಕೈಯಲ್ಲಿದ್ದ ರೊಕ್ಕಕ್ಕೆ ಐದು ಮಂದಿಗೆ ಸರಿಯಾಗುವಷ್ಟು, ಒಂದು ಬೆರಳೂ ಹೆಚ್ಚಿಲ್ಲ, ಒಂದು ಬೆರಳೂ ಕಡಿಮೆಯಿಲ್ಲ. "ನೀರಿಗಿ ಹಾಕಿ ಆಮ್ಯಾಲ ಹೊಲಿಸ್ರಿ" ಎಂದಳು ಅವ್ವ. ಕುಪ್ಪಸದ ಅರಿವೆಯನ್ನು ನೆನೆಸದೆ ಹೊಲಿಯಬಾರದೆಂದು ನನಗೂ ಗೊತ್ತಿತ್ತು. ಆದರೆ ಅಪ್ಪನಿಗೆ ಸೂಟಿ ಹತ್ತಿರ ಬಂದಿತೆಂಬ ಅವಸರ, ಮೇಲೆ ಮೋಜಣಿಯ ಹಮ್ಮು. "ತಾಲೂಕ ಅಳದಾಂವ ನಾನು. ನನ್ನ ಅಳತಿ ತಪ್ಪತೇತೇನು?" ಎಂದು ಅಲ್ಲಿಯ ದರ್ಜಿಗೇ ಹೊಲಿಯಲು ಕೊಟ್ಟ.

ಹೊಲಿದ ಡೇರೆ ಮನೆಗೆ ಬಂದಿತು. ಎಣ್ಣೆ ಬಳಿಯುವ ಮುಂಚೆ ಮಗ್ಗದ ಗಂಜಿ ಹೋಗಬೇಕಲ್ಲ, ಕೆರೆಗೆ ಒಯ್ದು ಒಗೆದು ಒಣಗಿಸಿದೆವು. ಒಣಗಿದ್ದನ್ನು ಅಪ್ಪ ಅಳೆದ. ಮತ್ತೆ ಅಳೆದ. ಸರಪಳಿ ತರಿಸಿ ಅಳೆದ. ಅರಿವೆ ಕುಗ್ಗಿತ್ತು, ಕಂಬಕ್ಕೆ ಏರಿಸಿದರೆ ಗೋಡೆಗಳು ನೆಲದಿಂದ ಗೇಣು ಮೇಲೆ ನಿಂತವು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಕೆರೆಯ ದಂಡೆಯಲ್ಲಿ ಕುಳಿತುಬಿಟ್ಟಳು, ಅವಳ ಹೆಗಲು ಕುಲುಕುತ್ತಿತ್ತು. ಕೊನೆಗೆ ಅಪ್ಪನೇ, "ಸರಪಳಿ ಕುಗ್ಗಿಲ್ಲ ನೋಡು" ಎಂದ. ಆಗ ಎಲ್ಲರೂ ನಕ್ಕು ನಕ್ಕು ಸುಸ್ತಾದೆವು. ಗಾಣದಿಂದ ಅಗಸಿ ಎಣ್ಣೆ ತಂದು ಬಳಿದೆವು. ಓಣಿಗೆ ಓಣಿಯೇ ಮೂಗು ಮುಚ್ಚಿಕೊಂಡಿತು. ನಾನು ಆ ವಾಸನೆಯ ಲಂಗದಲ್ಲೇ ಗೆಳತಿಯರ ಮುಂದೆ ಮೆರೆದೆ.

ಮೊದಲ ಠಿಕಾಣಿ ಯಾವಗಲ್ಲಿನ ಹೊಲ. ಎತ್ತಿನ ಚಕ್ಕಡಿಯಲ್ಲಿ ಹೋದೆವು. ಆಯಿಯೂ ಬಂದಳು, ಒಂದು ಷರತ್ತಿನ ಮೇಲೆ. ಅವಳು ಚಕ್ಕಡಿಯಲ್ಲಿಯೇ ಮಲಗುವವಳು. ಮರುದಿನವೂ ಮನಸ್ಸು ಒಪ್ಪದಿದ್ದರೆ ಅದೇ ಚಕ್ಕಡಿ ಅವಳನ್ನೂ ನಮ್ಮನ್ನೂ ರೋಣಕ್ಕೆ ತಿರುಗಿ ಒಯ್ಯಬೇಕು. ಅಪ್ಪ ಒಪ್ಪಿಕೊಂಡಿದ್ದ. ಜೋಳ ಕೊಯ್ದ ಹೊಲ, ಕಾಲಿಟ್ಟಲ್ಲಿ ಎರೆಮಣ್ಣಿನ ಬಿರುಕು, ಕಣ್ಣು ಹಾಯಿಸಿದಷ್ಟೂ ಬಯಲು. ಡೇರೆ ಎದ್ದು ನಿಂತಾಗ ನಾನು ಒಳಗೆ ಹೊರಗೆ ಎಷ್ಟು ಸಲ ಓಡಾಡಿದೆನೋ! ನಮ್ಮ ಮನೆಗೆ ಒಂದೇ ಬಾಗಿಲಿತ್ತು. ಈ ಮನೆಗೆ ಎರಡು! ಆಯಿ ಬೇವಿನ ಗಿಡದ ಕೆಳಗೆ ನಮಗೆ ಬೆನ್ನು ಹಾಕಿ ಕುಳಿತಿದ್ದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಾಳಿ ಎದ್ದಿತು. ಎರೆಯ ಬಯಲಿನ ಗಾಳಿ ನಿಮಗೆ ಗೊತ್ತಿದ್ದರೆ ನಾನು ಹೇಳಬೇಕಾಗಿಲ್ಲ, ಅದಕ್ಕೆ ಅಡ್ಡ ಬರುವವರೇ ಇಲ್ಲ. ಗೋಡೆಯ ಕೆಳಗೆ ಅಪ್ಪನ ಅಳತೆ ಬಿಟ್ಟಿದ್ದ ಗೇಣಿನ ಸಂದಿಯಿಂದ ಗಾಳಿ ಒಳನುಗ್ಗಿತು. ಡೇರೆ ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿತು. ಬಿರುಕು ಬಿಟ್ಟ ನೆಲದಲ್ಲಿ ಗೂಟಗಳು ಒಂದೊಂದಾಗಿ ಕಿತ್ತು ಬರತೊಡಗಿದವು. ಅಪ್ಪ ಒಂದು ಕಂಬಕ್ಕೆ ಜೋತುಬಿದ್ದ, ಅವ್ವ ಒಂದು ಹಗ್ಗ, ನಾನು ಒಂದು ಹಗ್ಗ. ಶಂಕ್ರ ಹಿಡಿದ ಹಗ್ಗ ಅವನನ್ನೇ ಎತ್ತಿ ಎತ್ತಿ ಇಳಿಸುತ್ತಿತ್ತು, ಅವನಿಗೆ ಅದೇ ಜೋಕಾಲಿ, ಕೇಕೆ ಹಾಕುತ್ತಿದ್ದ. ಅಪ್ಪ ಕೂಗಿದ: "ಆ ಕಂಬ ಹೋತು! ಆ ಕಂಬ ಯಾರರ ಹಿಡೀರಿ!" ಯಾರು ಹಿಡಿಯಬೇಕು? ನಾವೆಲ್ಲ ಹಿಡಿದು ನಿಂತವರೇ. ನನ್ನ ಅಂಗೈ ಉರಿಯುತ್ತಿತ್ತು. ಡೇರೆ ಹಾರಿತು, ಸೂಟಿ ಹೋಯಿತು, ಅಪ್ಪನೂ ಹೋದ ಎಂದು ನಾನು ಗಟ್ಟಿಯಾಗಿ ಅಳತೊಡಗಿದೆ.

ಧೂಳಿನಲ್ಲಿ ಯಾರೋ ನನ್ನನ್ನು ದಾಟಿ ಒಳಗೆ ನುಗ್ಗಿದರು. ಕಚ್ಚೆ ಬಿಗಿದು, ತಲೆಯ ಸೆರಗು ಹಾರಿಹೋಗಿ, ಬಿಳಿಗೂದಲು ಬಿಚ್ಚಿ, ಆಯಿ! ವಾಲುತ್ತಿದ್ದ ಕಂಬವನ್ನು ಎರಡೂ ತೋಳಲ್ಲಿ ತಬ್ಬಿ, ಕಾಲು ಊರಿ ನಿಂತಳು. "ಬಿಡಬ್ಯಾಡ್ರೀ! ಲೇ ಶಂಕ್ರ್ಯಾ, ಕುಂಡಿ ಊರಿ ಕುಂದ್ರಲೇ!" ಎಂದು ಅವಳು ಒದರಿದ್ದು ಯಾವಗಲ್ಲಿನ ಊರಬಾಗಿಲವರೆಗೆ ಕೇಳಿರಬೇಕು. ದಪ್ಪ ದಪ್ಪ ನಾಲ್ಕು ಹನಿ ಬಿದ್ದವು. ಆಮೇಲೆ ಗಾಳಿ ಬಂದಂತೆಯೇ ಹೋಯಿತು.

ಡೇರೆ ನಿಂತಿತ್ತು. ಆಯಿ ಕಂಬ ಬಿಟ್ಟಿರಲಿಲ್ಲ. ಕಣ್ಣು ಮುಚ್ಚಿದ್ದಳು.

"ಯವ್ವಾ, ಬಿಡು. ಗಾಳಿ ಹೋತು" ಎಂದ ಅಪ್ಪ.

"ಆವತ್ತೂ ಹಿಂಗ ಗಾಳಿ ಬಂತೊ ತಮ್ಮಾ" ಎಂದಳು ಆಯಿ. "ನಿಮ್ಮಪ್ಪ ಒಳಗ ಮಲಗಿದ್ದಾ, ಏಳಾಂಗಿರ್ಲಿಲ್ಲ. ನೀ ಬಗಲಾಗ ಇದ್ದಿ. ನಿನ್ನ ಹಿಡೀಲ್ಯೊ, ಕಂಬ ಹಿಡೀಲ್ಯೊ? ಕಂಬ ಬಿಟ್ಟೆ. ಡೇರೆ ನಿಮ್ಮಪ್ಪನ ಮ್ಯಾಲ ಬಿತ್ತು."

ಇಷ್ಟು ವರ್ಷ ಆಯಿ ಹೆದರಿದ್ದು ಡೇರೆಗಲ್ಲ, ಅಂದು ಕೈಬಿಟ್ಟ ಕಂಬಕ್ಕೆಂದು ಒಂಬತ್ತು ವರ್ಷದ ನನಗೂ ತಿಳಿಯಿತು. ಅಪ್ಪ ಹೋಗಿ ಅವಳ ಕೈಗಳ ಮೇಲೆ ತನ್ನ ಕೈ ಇಟ್ಟ. ಅವಳು ಕಣ್ಣು ತೆರೆದು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು, ಹಗ್ಗ ಬಿಡದೆ ನೆಲಕ್ಕೆ ಕುಂಡಿ ಊರಿ ಕುಳಿತ ಶಂಕ್ರನನ್ನೂ ಸೇರಿಸಿ.

"ಈಗ ಕೈ ಭಾಳ ಅದಾವು" ಎಂದಳು. ಮೂಗು ಒರೆಸಿಕೊಂಡು, ಅವ್ವನ ಕಡೆ ತಿರುಗಿ, "ಹೊತ್ತ ಮುಣಗಾಕ ಬಂತು. ಒಲಿ ಎಲ್ಲಿ ಹೂಡ್ತೀಯವ್ವಾ?" ಎಂದು ಕೇಳಿದಳು.

ಚಕ್ಕಡಿ ಮರುದಿನ ಬರಿದಾಗಿ ರೋಣಕ್ಕೆ ಹೋಯಿತು. ಆ ಸೂಟಿಯಷ್ಟು ಸುಖವನ್ನು ನಾನು ಬೇರೆಲ್ಲೂ ಕಂಡಿಲ್ಲ, ಇದನ್ನು ಮುಚ್ಚಿಡುವುದೇಕೆ. ಆಯಿ ಡೇರೆಗೆ ಒಡತಿಯಾಗಿಬಿಟ್ಟಳು. ಅಪ್ಪನ ಸಾಹೇಬರೇ ಬಂದರೂ ಚಪ್ಪಲಿ ಬಿಟ್ಟು ಒಳಗೆ ಬರಬೇಕಾಗಿತ್ತು.

ಇಷ್ಟು ಬರೆಯುತ್ತಿರುವಾಗಲೇ ಹೊರಗೆ ಗಾಳಿ ಎದ್ದಿದೆ. ಮಾಳಿಗೆಯ ಮೇಲೆ ಸೊಸೆ ಹಳೆಯ ಸೀರೆ ಹಾಸಿ ಶಂಡಿಗೆ ಒಣಗಿಸಿದ್ದಾಳೆ. "ಅತ್ಯಾರ, ಲಗೂ ಬರ್ರಿ, ಸೀರಿ ಹಾರಾಕತ್ತೇತಿ, ನನಗ ಒಬ್ಬಾಕಿಗೆ ಆಗವಲ್ದು!" ಎಂದು ಕೂಗುತ್ತಿದ್ದಾಳೆ. ಬೇರೆ ದಿನವಾಗಿದ್ದರೆ, ನಾನು ಬರೆಯುತ್ತಿದ್ದೇನೆ, ಮೊಣಕಾಲು ನೋವು, ನೀನೇ ನೋಡಿಕೋ ಎಂದು ಕುಳಿತಲ್ಲಿಂದಲೇ ಅನ್ನುತ್ತಿದ್ದೆ. ಇವತ್ತು ಹಾಗೆ ಅನ್ನಲು ಬಾಯಿ ಬರುತ್ತಿಲ್ಲ. ನೀವು ಸ್ವಲ್ಪ ಕೂತಿರಿ. ನಾನು ಒಂದು ಅಂಚು ಹಿಡಿಯಲು ಮೇಲೆ ಹೋಗುತ್ತೇನೆ.