ಧರ್ಮಪ್ಪನ ಗಾಡಿಯ ಹಿಂದಿನ ಸ್ಪ್ರಿಂಗು

ಹೊಸಬಾಳೆಯ ಶಾಲೆಗೆ ವರ್ಗವಾಗಿ ಬಂದ ಮೇಷ್ಟರು ಧರ್ಮಪ್ಪನನ್ನು ಮೊದಲು ಕಂಡದ್ದು ಆನವಟ್ಟಿಯ ಸಂತೆಯಲ್ಲಿ, ತೊಂಬತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ. ಮೇಷ್ಟರಿಗೆ ಒಂದು ಟವೆಲು ಬೇಕಾಗಿತ್ತು. ನೆಲಕ್ಕೆ ಹಾಸಿದ ತಾಡಪಾಲಿನ ಮೇಲೆ ಲಂಗ, ರವಿಕೆ ಕಣ, ಲುಂಗಿ, ಪಂಚೆಗಳನ್ನು ಒಪ್ಪವಾಗಿ ಜೋಡಿಸಿಕೊಂಡು ಗಂಡಹೆಂಡಿರಿಬ್ಬರು ಕುಳಿತಿದ್ದರು. ಬಟ್ಟೆ ಬಿಚ್ಚಿ ತೋರಿಸುವುದು ಗಂಡನ ಕೆಲಸ, ಮಾತಾಡುವುದು ಹೆಂಡತಿಯ ಕೆಲಸ.

"ಇದು ಬಾಳಿಕೆ ಬರುತ್ತದೇನಮ್ಮ?" ಎಂದು ಮೇಷ್ಟರು ಟವೆಲನ್ನು ಎಳೆದು ನೋಡುತ್ತ ಕೇಳಿದರು.

"ನಮ್ಮನೆಯವ್ರ ಥರ ಸಾರ್ ಅದು. ಬಣ್ಣ ಹೋಗ್ಬಹುದು, ಹರಿಯೋದಿಲ್ಲ," ಎಂದಳು ಆಕೆ.

ಧರ್ಮಪ್ಪ ತಲೆ ಎತ್ತದೆ, ಮಡಿಸುತ್ತಿದ್ದ ಲುಂಗಿಯ ಮರೆಯಲ್ಲೇ ನಕ್ಕ. ಮೇಷ್ಟರು ಒಂದರ ಬದಲು ಎರಡು ಟವೆಲು ಕೊಂಡರು.

ಸಂಜೆ ಬಸ್ಸಿಗೆ ಕಾಯುವಾಗ ಆ ಗಂಡಹೆಂಡಿರು ಮತ್ತೆ ಮೇಷ್ಟರ ಕಣ್ಣಿಗೆ ಬಿದ್ದರು. ಹಳೆಯ ರಾಜದೂತ್ ಮೋಟಾರ್ ಸೈಕಲ್ಲು. ಬಲಗಡೆಗೆ ಕಟ್ಟಿಸಿದ ಕಬ್ಬಿಣದ ಚೌಕಟ್ಟಿನಲ್ಲಿ ಒಂದು ಗಂಟು, ಹಿಂದಿನ ಕ್ಯಾರಿಯರಿನ ಮೇಲೆ ಇನ್ನೊಂದು. ಗಂಟಿಗೆ ಒರಗಿ, ಕಾಲುಗಳನ್ನು ಎಡಕ್ಕೆ ಇಳಿಬಿಟ್ಟು, ಅರಮನೆಯ ಅಂಬಾರಿಯಲ್ಲಿ ಕುಳಿತವಳಂತೆ ಸರ್ವಮಂಗಳ. ಗಾಡಿ ರಸ್ತೆಯ ಹೊಂಡಕ್ಕೆ ಇಳಿದು ಹತ್ತಿತು. ಅವಳು ಗಂಡನ ಬೆನ್ನಿಗೆ ಏನೋ ಹೇಳಿದಳು. ಅವನು ಮತ್ತೆ ನಕ್ಕದ್ದು ಹಿಂದಿನಿಂದಲೂ ತಿಳಿಯುತ್ತಿತ್ತು.

ಧರ್ಮಪ್ಪನ ತಂದೆ ಎತ್ತಿನ ಗಾಡಿಯಲ್ಲಿ ಬಟ್ಟೆ ಹೇರಿಕೊಂಡು ಸಂತೆ ಮಾಡಿದವರು. ಅವರ ಕಾಲದಲ್ಲಿ ಮನೆಯ ಹೆಂಗಸರು ಸಂತೆಯಲ್ಲಿ ಕೂರುವ ರೂಢಿ ಇರಲಿಲ್ಲ. ಹಾಗಾಗಿ ಧರ್ಮಪ್ಪ ಹೆಂಡತಿಯನ್ನು ಜೊತೆಗೆ ಕರೆದೊಯ್ಯತೊಡಗಿದಾಗ ನೆಂಟರು ಮೂಗು ಮುರಿದರು. ಲಂಗದ ಅಳತೆಯನ್ನು ಯಾವ ಹೆಂಗಸು ಗಂಡಸಿನ ಹತ್ತಿರ ಹೇಳುತ್ತಾಳೆ? ಸರ್ವಮಂಗಳ ಬಂದ ಮೇಲೆ ವ್ಯಾಪಾರ ಕುದುರಿತು. ಆದರೆ ಅವನಿಗೆ ಬೇಕಾಗಿದ್ದದ್ದು ವ್ಯಾಪಾರ ಮಾತ್ರವಲ್ಲ. ಆನವಟ್ಟಿ, ಸೊರಬ, ಶಿಕಾರಿಪುರವೆಂದು ವಾರವೆಲ್ಲ ಸುತ್ತುವಾಗ ಬೆನ್ನ ಹಿಂದಿನಿಂದ ಕಿವಿಗೆ ಬೀಳುತ್ತಿದ್ದ ಆ ಮಾತು ಬೇಕಾಗಿತ್ತು. ಹುಟ್ಟಾ ಮಾತು ಕಡಿಮೆಯ ಮನುಷ್ಯ. ಅವಳ ಮಾತೇ ಅವನ ಮಾತೂ ಆಗಿತ್ತು.

ಒಮ್ಮೆ ಅವಳಿಗೆ ಕಾಮಾಲೆ ಬಂದು ಜೀವಕ್ಕೆ ಕುತ್ತಾಗಿತ್ತು. ಆಗ ಧರ್ಮಪ್ಪ ಊರ ಬಸವಣ್ಣನಿಗೆ ಹರಕೆ ಹೊತ್ತ: ಇವಳು ಎದ್ದು ಓಡಾಡುವಂತಾದರೆ ಇವಳ ತೂಕದಷ್ಟು ಬೆಲ್ಲ ಒಪ್ಪಿಸುತ್ತೇನೆ. ಅವಳು ಎದ್ದಳು. ಅವನು ಮಾತ್ರ ಹರಕೆ ತೀರಿಸಲು ಆತುರಪಡಲಿಲ್ಲ. ಮೈ ತುಂಬಿಕೊಳ್ಳಲಿ ಎಂದು ಒಂದು ವರ್ಷ ಕಾದ. ತುಲಾಭಾರದ ದಿನ ಒಂದು ತಟ್ಟೆಯಲ್ಲಿ ಸರ್ವಮಂಗಳ, ಇನ್ನೊಂದರಲ್ಲಿ ಅಚ್ಚುಬೆಲ್ಲ. "ಐವತ್ತೆಂಟು ಕೆ.ಜಿ." ಎಂದು ಪೂಜಾರಿ ಕೂಗಿ ಹೇಳಿದಾಗ ಅವಳು ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಧರ್ಮಪ್ಪನಿಗೆ ಮಾತ್ರ ಆ ಸಂಖ್ಯೆ ಮನಸ್ಸಿನಲ್ಲಿ ಸಿಹಿಯಾಗಿ ಉಳಿಯಿತು. ಹೆಂಡತಿ ಬದುಕಿಬಂದ ತೂಕ ಅದು.

ತೊಂಬತ್ತೈದರ ಮುಂಗಾರಿನ ಹೊತ್ತಿಗೆ ಗಾಡಿಯ ಹಿಂದಿನ ಸ್ಪ್ರಿಂಗುಗಳು ಸೋತವು. ವರ್ಷ ವರ್ಷ ಭಾರ ಹೊತ್ತ ಜೋಡಿ. ಸಣ್ಣ ಹೊಂಡಕ್ಕೂ ಧಡ್ ಎಂದು ತಳ ಕಚ್ಚುತ್ತಿತ್ತು. ಸರ್ವಮಂಗಳಳಿಗೆ ಸೊಂಟನೋವು ಶುರುವಾಗಿದ್ದೂ ಆಗಲೇ. ರಾತ್ರಿ ಮಗ್ಗುಲು ಬದಲಿಸುವಾಗ ಹಲ್ಲು ಕಚ್ಚಿಕೊಳ್ಳುತ್ತಿದ್ದಳು.

"ಡಾಕ್ಟ್ರಿಗೆ ತೋರ್ಸೋಣ ಕಣೆ," ಎಂದ ಧರ್ಮಪ್ಪ.

"ನನ್ನ ಸೊಂಟಕ್ಕೇನಾಗಿದೆ? ಆಗಿರೋದು ನಿಮ್ಮ ಗಾಡಿ ಸೊಂಟಕ್ಕೆ. ಮೊದ್ಲು ಅದನ್ನ ತೋರ್ಸಿ."

ಮಾತು ಸರಿ ಎನ್ನಿಸಿತು. ಇವಳು ನೋವಿಲ್ಲದೆ ಹಿಂದೆ ಕೂರುವಂತಾಗಬೇಕು, ಇಲ್ಲದಿದ್ದರೆ ಮನೆಯಲ್ಲಿ ಉಳಿದುಬಿಡುತ್ತಾಳೆ ಎಂಬ ಒಂದೇ ಚಿಂತೆ ಅವನಿಗೆ. ಮುಂದಿನ ಶಿಕಾರಿಪುರದ ಸಂತೆಯ ದಿನ ಗಾಡಿಯನ್ನು ಹೂವಪ್ಪನ ಗ್ಯಾರೇಜಿಗೆ ತಿರುಗಿಸಿದ.

ಮಾರುಕಟ್ಟೆಯ ಮಂಡಿಗಳ ಸಾಲಿನ ಕೊನೆಗೆ, ತಗಡಿನ ಮಾಡಿನ ಕೆಳಗೆ ಹೂವಪ್ಪನ ಗ್ಯಾರೇಜು. ಅವನು ಸ್ಪ್ರಿಂಗನ್ನು ಬಿಗಿ ಮಾಡುವ ಹಲ್ಲಿನ ಬಳೆಯನ್ನು ಕೊನೆಯವರೆಗೆ ತಿರುಗಿಸಿ ನೋಡಿದ; ಪ್ರಯೋಜನವಾಗಲಿಲ್ಲ.

"ಇದು ಮುಗೀತು. ದಪ್ಪ ತಂತಿದು ಹಾಕ್ಬೇಕ್ರಿ, ಶಿವಮೊಗ್ಗದಿಂದ ತರ್ಸ್ತೀನಿ," ಎಂದು ಒಂದು ಬಿದಿರಿನ ಕಡ್ಡಿಯನ್ನು ತಂದು ಹಿಂದಿನ ಚಕ್ರದ ಪಕ್ಕ ನೆಟ್ಟಗೆ ನಿಲ್ಲಿಸಿದ. ಗಾಡಿ ಖಾಲಿ ಇರುವಾಗ ಮಡ್ಗಾರ್ಡಿನ ಅಂಚು ಎಲ್ಲಿಗೆ ಬರುತ್ತದೆ, ಭಾರ ಬಿದ್ದಾಗ ಎಲ್ಲಿಗೆ ಇಳಿಯುತ್ತದೆ ಎಂದು ಆ ಕಡ್ಡಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು ಅವನ ಪದ್ಧತಿ. "ದಿನಾ ಯಾರ್ಯಾರು ಕೂರ್ತೀರಿ, ಎಲ್ರೂ ಕೂರ್ರಿ. ಭಾರ ನೋಡ್ದೆ ಸ್ಪ್ರಿಂಗ್ ಹಾಕಕ್ಕೆ ಬರಲ್ರಿ."

ಸರ್ವಮಂಗಳ ರಸ್ತೆಯ ಆಚೆ ಕಬ್ಬಿನ ಹಾಲಿನ ಅಂಗಡಿಯ ನೆರಳಲ್ಲಿ ನಿಂತಿದ್ದಳು. ಮಂಡಿಯ ಹಮಾಲರೆಲ್ಲ ನೋಡುತ್ತಿರುವಾಗ, ಭಾರ ಅಳೆಯುವುದಕ್ಕೆಂದು ಹೋಗಿ ಕೂರಲು ಅವಳ ಮನಸ್ಸು ಒಪ್ಪಲಿಲ್ಲ.

"ನಾನೇನು ಅಕ್ಕಿ ಚೀಲವಾ, ತೂಗಿ ನೋಡಕ್ಕೆ?" ಎಂದು ಅಲ್ಲಿಂದಲೇ ಹೇಳಿದಳು.

"ಅವಳ ತೂಕ ನಂಗೊತ್ತು ಮಾರಾಯ," ಎಂದ ಧರ್ಮಪ್ಪ. "ಐವತ್ತೆಂಟು. ದೇವರ ಮುಂದೆ ತೂಗಿದ್ದು."

"ದೇವ್ರ ತಕ್ಕಡಿ ಅಂದ್ಮೇಲೆ ಮುಗೀತು ಬಿಡ್ರಿ."

ಪಕ್ಕದ ಮಂಡಿಯಿಂದ ಅಷ್ಟೇ ತೂಕದ ಅಕ್ಕಿಯ ಚೀಲ ಬಂತು. ಗಂಟುಗಳನ್ನು ಕಟ್ಟಿದ ಗಾಡಿಯ ಮೇಲೆ ಧರ್ಮಪ್ಪ ಕುಳಿತ. ಅವನ ಹಿಂದೆ ಚೀಲವನ್ನು ಕೂರಿಸಿದರು.

"ಅಕ್ಕಾರು ಇವತ್ತು ಬಾಳ ಸುಮ್ನೆ ಕೂತಾರ್ರಿ," ಎಂದ ಹಮಾಲನೊಬ್ಬ.

"ಹಂಗೇ ಕರ್ಕೊಂಡು ಹೋಗ್ರಪ್ಪ ಅದನ್ನೇ," ಎಂದಳು ಸರ್ವಮಂಗಳ. "ಮಾತೂ ಆಡಲ್ಲ, ಊಟಾನೂ ಕೇಳಲ್ಲ."

ಎಲ್ಲರೂ ನಕ್ಕರು. ಅವಳ ಊಟ ಎರಡು ತಿಂಗಳಿಂದ ಅರ್ಧಕ್ಕಿಳಿದಿತ್ತು ಎಂಬುದು ಆ ನಗುವಿನಲ್ಲಿ ಧರ್ಮಪ್ಪನಿಗೂ ನೆನಪಾಗಲಿಲ್ಲ.

ಮುಂದಿನ ವಾರ ಹೊಸ ಜೋಡಿ ಕೂತಿತು. ಗಂಟು ಕಟ್ಟಿ ಧರ್ಮಪ್ಪ ಕುಳಿತ ಮೇಲೆ ಚೀಲವನ್ನು ಮತ್ತೆ ಹೇರಿ ನೋಡಿದಾಗ ಕಡ್ಡಿಯ ಮೇಲೆ ಅಂಚು ಸರಿಯಾಗಿ ಎರಡು ಬೆರಳು ಇಳಿಯಿತು. ಅಷ್ಟೇ ಬೇಕಾಗಿದ್ದದ್ದು. ಗಾಡಿ ಹುರಿಗಟ್ಟಿದ ಕರುವಿನಂತೆ ಎದ್ದು ನಿಂತಿತ್ತು. ಊರಿನ ದಾರಿಯಲ್ಲಿ ಒಮ್ಮೆಯೂ ತಳ ಕಚ್ಚಲಿಲ್ಲ. ಧರ್ಮಪ್ಪ ಹಿಗ್ಗಿದ. ಆದರೆ ಹಿಂದಿನಿಂದ ಮಾತು ಬರಲಿಲ್ಲ. ಅವನ ಭುಜವನ್ನು ಹಿಡಿದಿದ್ದ ಕೈ ಪ್ರತಿ ಕಲ್ಲಿಗೂ ಬಿಗಿಯಾಗುತ್ತಿತ್ತು.

"ಹೆಂಗಿದೆ?" ಎಂದ.

"ಮಣೆ ಮೇಲೆ ಕೂತಂಗಿದೆ."

ಹೂವಪ್ಪನಿಗೆ ಹೇಳಿದಾಗ ಅವನು ಎಲ್ಲ ಮೆಕ್ಯಾನಿಕರೂ ಹೇಳುವುದನ್ನೇ ಹೇಳಿದ. "ಹೊಸಾದಲ್ರೀ. ಓಡ್ತಾ ಓಡ್ತಾ ಮೆತ್ತಗಾಗುತ್ತೆ."

ಹಾಗೆ ಅವರು ಸ್ಪ್ರಿಂಗು ಮೆತ್ತಗಾಗಲೆಂದು ಕಾದರು. ಆ ಮಳೆಗಾಲವೆಲ್ಲ ಕಾದರು. ಸೀಟಿನ ಮೇಲೆ ಕಂಬಳಿ ಮಡಿಸಿ ಹಾಕಿದರು, ಆಮೇಲೆ ಎರಡು ಕಂಬಳಿ. ಸರ್ವಮಂಗಳ ಸೀರೆಯ ಒಳಗೆ ಎರಡು ಲಂಗ ಉಡತೊಡಗಿದಳು, ಗಣಪತಿ ಹಬ್ಬದ ಹೊತ್ತಿಗೆ ಮೂರು.

"ಗಿರಾಕಿಗಿಂತ ಹೆಚ್ಚು ಲಂಗ ನೀನೇ ಖರ್ಚು ಮಾಡ್ತೀಯಲ್ಲೇ," ಎಂದು ಧರ್ಮಪ್ಪ ಒಮ್ಮೆ ಅಪರೂಪಕ್ಕೆ ಹಾಸ್ಯ ಮಾಡಿದ.

"ಸೀಟು ಗಟ್ಟಿ ಅಲ್ವಾ, ಅದಕ್ಕೇ," ಎಂದಳು.

ಅವನು ನಂಬಿದ. ಬಟ್ಟೆ ಎತ್ತಿಕೊಡುವಾಗ ಅವಳ ಬಳೆಗಳು ಮೊಣಕೈಯವರೆಗೆ ಜಾರುವುದನ್ನು ಅವನೂ ನೋಡಿದ್ದ. ಮುಖ ಸಣ್ಣಗಾದದ್ದನ್ನು ನೋಡಿದ್ದ. ನೋವಿನಿಂದ ನಿದ್ದೆಯಿಲ್ಲ, ನೋವು ಸ್ಪ್ರಿಂಗಿನಿಂದ, ಸ್ಪ್ರಿಂಗು ಇನ್ನೇನು ಮೆತ್ತಗಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ದಿನವೂ ಜೊತೆಯಲ್ಲೇ ಇರುವವರ ಮೈ ಇಳಿಯುವುದು ಕಣ್ಣಿಗೆ ಬೇಗ ಕಾಣುವುದಿಲ್ಲ. ಮೂರು ಲಂಗದ ಮೇಲೆ ಉಟ್ಟ ಸೀರೆ ಬೇರೆ ಅವಳನ್ನು ಮೊದಲಿನಂತೆಯೇ ತೋರಿಸುತ್ತಿತ್ತು. ಹಬ್ಬದ ವ್ಯಾಪಾರದ ದಿನಗಳಲ್ಲಿ ಗಂಡನನ್ನು ಒಂಟಿಯಾಗಿ ಸಂತೆಗೆ ಕಳಿಸಬಾರದೆಂದು ಅವಳು ಹಾಗೆ ಉಡುತ್ತಿದ್ದಳೆಂದು ಅವನಿಗೆ ಆಮೇಲೆ ತಿಳಿಯಿತು.

ದೀಪಾವಳಿ ಕಳೆದ ಮೇಲೆ ಅವನ ತಾಳ್ಮೆ ಕೆಟ್ಟಿತು. ಶಿಕಾರಿಪುರಕ್ಕೆ ಹೋದವನು ಗಾಡಿಯನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿ, "ಏನು ಸ್ಪ್ರಿಂಗ್ ಹಾಕಿದೀಯ ನೀನು? ಬರ್ತಾ ಬರ್ತಾ ಇನ್ನೂ ಗಟ್ಟಿ ಆಗ್ತಿದೆ," ಎಂದು ದನಿ ಎತ್ತಿದ.

ಹೂವಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. "ಸ್ಪ್ರಿಂಗು ಗಟ್ಟಿ ಆಗಲ್ಲ ಧರ್ಮಪ್ಪಣ್ಣ. ಆಗೋದಿದ್ರೆ ಮೆತ್ತಗೇ ಆಗ್ಬೇಕು. ಎಲ್ಲೋ ಹಿಡ್ಕೊಂಡಿರ್ಬೇಕು, ನೋಡಣ ತಡೀರಿ," ಎಂದು ಬಿದಿರಿನ ಕಡ್ಡಿ ತಂದ. "ಅಕ್ಕಾರ, ಇವತ್ತು ನೀವೇ ಕೂರ್ರಿ. ಚೀಲ ಬ್ಯಾಡ."

ಗಾಡಿಯಿಂದ ಇಳಿದು ನಿಂತಿದ್ದ ಸರ್ವಮಂಗಳ ಅಲ್ಲಿಂದ ಕದಲಲಿಲ್ಲ. ಆದರೆ ವಾದಿಸುವ ಶಕ್ತಿಯೂ ಆ ದಿನ ಅವಳಲ್ಲಿ ಇರಲಿಲ್ಲ. ಧರ್ಮಪ್ಪ ಕೈ ಹಿಡಿದು ಕರೆತಂದ. ಗಂಟುಗಳು ಇದ್ದಂತೆಯೇ ಇದ್ದವು. ಅವನು ಕುಳಿತ, ಹಿಂದೆ ಅವಳು ಕುಳಿತಳು.

ಹೂವಪ್ಪ ಕಡ್ಡಿಯ ಬಳಿ ಕುಕ್ಕರಗಾಲಿನಲ್ಲಿ ಕೂತು ನೋಡಿದ. ಎರಡು ಬೆರಳು ಇಳಿಯಬೇಕಾಗಿದ್ದ ಅಂಚು ಒಂದೂವರೆ ಬೆರಳೂ ಇಳಿದಿರಲಿಲ್ಲ.

"ಇಳೀರಿ ಅಕ್ಕಾರ," ಎಂದು ಮಂಡಿಯಿಂದ ಚೀಲ ತರಿಸಿದ. ಚೀಲ ಕೂತಿತು, ಅಂಚು ಸರಿಯಾಗಿ ಎರಡು ಬೆರಳು ಇಳಿಯಿತು. ಚೀಲ ಇಳಿಸಿ ಅವಳನ್ನು ಮತ್ತೆ ಕೂರಿಸಿದ. ಅಷ್ಟು ಇಳಿಯಲಿಲ್ಲ.

ಹೂವಪ್ಪ ಎದ್ದು, ಗ್ರೀಸಿನ ಕೈಯನ್ನು ಬಟ್ಟೆಗೆ ಒರಸಿಕೊಂಡ. ಒರಸಿದಷ್ಟೂ ಒರಸುತ್ತಲೇ ಇದ್ದ.

"ಧರ್ಮಪ್ಪಣ್ಣ, ಸ್ಪ್ರಿಂಗ್ ಸರಿ ಐತ್ರಿ," ಎಂದ ಮೆಲ್ಲಗೆ.

ಧರ್ಮಪ್ಪ ತಿರುಗಿ ಹೆಂಡತಿಯ ಮುಖ ನೋಡಿದ. ಅವಳು ರಸ್ತೆಯ ಆಚೆಗೆ, ಕಬ್ಬಿನ ಗಾಣದ ಕಡೆಗೆ ನೋಡುತ್ತಿದ್ದಳು.

"ಎಷ್ಟು ದಿನ ಆಯ್ತು ಮಂಗಳಾ?"

"ಇಲ್ಲಿ ಬ್ಯಾಡ ರೀ," ಎಂದಳು. "ಮನೆಗೆ ಹೋಗಣ."

ಅವರು ಮನೆಗೆ ಹೋಗಲಿಲ್ಲ. ಗಾಡಿಯನ್ನೂ ಗಂಟುಗಳನ್ನೂ ಹೂವಪ್ಪನ ಗ್ಯಾರೇಜಿನಲ್ಲೇ ಬಿಟ್ಟು ಶಿವಮೊಗ್ಗದ ಬಸ್ಸು ಹತ್ತಿದರು. ಗರ್ಭಕೋಶದ ಗಡ್ಡೆ, ಬೆನ್ನಿನವರೆಗೆ ಹಬ್ಬಿತ್ತು. ಯಾವಾಗಿನಿಂದ ನೋವು ಎಂದು ವೈದ್ಯರು ಕೇಳಿದಾಗ ಧರ್ಮಪ್ಪ, "ಸ್ಪ್ರಿಂಗ್ ಹಾಳಾದಾಗಿಂದ," ಎಂದ. ವೈದ್ಯರಿಗೆ ಅರ್ಥವಾಗಲಿಲ್ಲ. ಹೊಸ ಸ್ಪ್ರಿಂಗು ಮೆತ್ತಗಾಗಲೆಂದು ಒಂದು ಮಳೆಗಾಲ ಕಾದೆವು ಎಂದು ಬಾಯಿಬಿಟ್ಟು ಹೇಳುವುದು ಹೇಗೆ?

ಔಷಧ ಕೊಟ್ಟು ಮನೆಗೆ ಕಳಿಸಿದರು. ಮನೆಗೆ ಎಂದರೆ ಏನರ್ಥವೆಂದು ಇಬ್ಬರಿಗೂ ತಿಳಿದಿತ್ತು. ಗಂಡನ ಮನೆಯಿಂದ ಮಗಳು ಬಂದು ನಿಂತಳು. ಕೆಲವು ವಾರಗಳ ಮೇಲೆ ಸರ್ವಮಂಗಳ, "ಒಂದ್ಸಲ ಆನವಟ್ಟಿ ಸಂತೆಗೆ ಹೋಗಿ ಬರಣ," ಎಂದಳು. ಮಗಳು ಬೇಡವೆಂದಳು, ಓಣಿಯ ಹೆಂಗಸರು ಬೇಡವೆಂದರು. ಧರ್ಮಪ್ಪ ಶಿಕಾರಿಪುರಕ್ಕೆ ಹೋಗಿ, ಅಲ್ಲೇ ಬಿಟ್ಟಿದ್ದ ಗಾಡಿಯಲ್ಲಿ ಹೂವಪ್ಪನನ್ನು ಹೊಸಬಾಳೆಗೆ ಕರೆತಂದ. ಹೂವಪ್ಪ ಚೀಲದ ತುಂಬ ಹಳೆಯ ಸ್ಪ್ರಿಂಗುಗಳನ್ನು ತಂದಿದ್ದ. ದಪ್ಪ ಜೋಡಿಯನ್ನು ಬಿಚ್ಚಿ, ಇರುವುದರಲ್ಲೇ ಮೆತ್ತನೆಯದನ್ನು ಹುಡುಕಿ, ಮನೆಯ ಅಂಗಳದಲ್ಲೇ ಹಾಕಿದ. ಈ ಸಲ ಅವಳೇ ಬಂದು ಕೂತಳು. ಲಂಗ ಒಂದೇ. ಅವನು ಕಡ್ಡಿ ಹಿಡಿದು ನೋಡಿದ, ಇನ್ನೊಂದು ಜೋಡಿ ಹಾಕಿದ, ಮತ್ತೆ ನೋಡಿದ.

"ಇದ್ರ ಮ್ಯಾಲೆ ದೊಡ್ಡ ಗಂಟು ಹಾಕ್ಬ್ಯಾಡ್ರಿ. ತಡಿಯಲ್ಲ," ಎಂದ. ಆಮೇಲೆ ಅವಳಿಗೆ, "ಅವತ್ತು ನಿಮ್ಮನ್ನೇ ಕೂರಿಸ್ಬೇಕಿತ್ತು ಅಕ್ಕಾರ," ಎಂದ.

"ನೀನು ಹೇಳಿದ್ದೆಯಲ್ಲಪ್ಪ. ನಾನು ಅಕ್ಕಿ ಚೀಲ ಕಳಿಸ್ದೆ," ಎಂದಳು ಸರ್ವಮಂಗಳ.

ಸಣ್ಣದೊಂದು ಗಂಟು ಕಟ್ಟಿಕೊಂಡು, ಹೊಂಡ ಕಂಡಲ್ಲೆಲ್ಲ ನಡಿಗೆಯ ವೇಗಕ್ಕಿಳಿದು ಅವರು ಆನವಟ್ಟಿಗೆ ಹೋದರು. ಆ ಚಳಿಗಾಲದಲ್ಲಿ ಮೂರೋ ನಾಲ್ಕೋ ಸಂತೆ ಆಯಿತು. ಅವಳು ಗಂಟಿಗೆ ಒರಗಿ ಕೂತೇ ಮಾತಾಡಿ ಮಾರಿದಳು. ದಾರಿಯಲ್ಲಿಯೂ ಮಾತಾಡಿದಳು. ಯುಗಾದಿಗೆ ಮುಂಚೆ ಹೋಗಿಬಿಟ್ಟಳು.

ತಿಂಗಳು ಕಳೆದ ಮೇಲೆ ಹೂವಪ್ಪ ತಾನಾಗಿ, "ದಪ್ಪ ಸ್ಪ್ರಿಂಗ್ ಹಾಕ್ಕೊಡ್ತೀನಿ ಬರ್ರಿ. ಮೊದಲಿನಂಗೆ ಮೂರು ಸಂತೆ ಮಾಡ್ಬಹುದು," ಎಂದು ಹೇಳಿಕಳಿಸಿದ. ಧರ್ಮಪ್ಪ ಹೋದ, ಚಹಾ ಕುಡಿದ, "ಇರಲಿ ಬಿಡು," ಎಂದು ಎದ್ದು ಬಂದ. ಆ ದಪ್ಪ ಜೋಡಿ ಇಂದಿಗೂ ಗ್ಯಾರೇಜಿನ ಗೋಡೆಯ ಮೊಳೆಗೆ ತೂಗುಬಿದ್ದಿದೆ. ಕೇಳಿದವರಿಗೆ ಹೂವಪ್ಪ ಅದನ್ನು ಕೊಡುವುದಿಲ್ಲ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಓಡಾಡುವವರು ಗಾಡಿ ತಂದರೆ, ಅವಳು ಬಂದು ಕೂರುವವರೆಗೂ ಸ್ಪಾನರ್ ಮುಟ್ಟುವುದಿಲ್ಲ.

ಈಗ ತೊಂಬತ್ತೊಂಬತ್ತನೆಯ ಇಸವಿ. ಧರ್ಮಪ್ಪ ಸೊರಬದ ಸಂತೆ ಬಿಟ್ಟ, ಶಿಕಾರಿಪುರದ ಸಂತೆಯನ್ನೂ ಬಿಟ್ಟ. ಆನವಟ್ಟಿಗೆ ಮಾತ್ರ ಹೋಗುತ್ತಾನೆ. ಆ ಮೆತ್ತನೆಯ ಸ್ಪ್ರಿಂಗು ಎಷ್ಟು ಹೊರುತ್ತದೋ ಅಷ್ಟೇ ಬಟ್ಟೆ, ಒಂದೇ ಗಂಟು. ಅದನ್ನು ಕ್ಯಾರಿಯರಿಗೆ ಕಟ್ಟದೆ ಹಿಂದಿನ ಸೀಟಿನ ಮೇಲೆಯೇ ಇಟ್ಟು ಕಟ್ಟುತ್ತಾನೆ. ಲಂಗ ಮಾರುವುದಿಲ್ಲ, ಟವೆಲು, ಲುಂಗಿ, ಪಂಚೆ ಇಷ್ಟೇ. ನಿವೃತ್ತರಾದ ಮೇಷ್ಟರು ಹೋದ ತಿಂಗಳು ಆ ಕಡೆ ಹೋದಾಗ ಯಾರೋ ಒಬ್ಬ ಗಿರಾಕಿ ಟವೆಲು ಎಳೆದು ನೋಡುತ್ತ, ಬಾಳಿಕೆ ಬರುತ್ತದೆಯೇ ಎಂದು ಕೇಳುತ್ತಿದ್ದ. "ಬಣ್ಣ ಹೋಗ್ಬಹುದು," ಎಂದ ಧರ್ಮಪ್ಪ. ಮುಂದಿನ ಮಾತಿಗೆ ಗಿರಾಕಿ ಸ್ವಲ್ಪ ಹೊತ್ತು ಕಾದು, ಟವೆಲನ್ನು ಇಟ್ಟು ಹೊರಟುಹೋದ.

ಸಂತೆ ಮುಗಿದ ಮೇಲೆ ಧರ್ಮಪ್ಪ ಉಳಿದದ್ದನ್ನು ಮಡಿಸಿ ಗಂಟು ಕಟ್ಟುತ್ತಾನೆ. ಸೀಟಿನ ಮೇಲೆ ಇಟ್ಟು, ಗಾಡಿ ಎಷ್ಟು ಇಳಿಯಿತೆಂದು ಒಮ್ಮೆ ಬಗ್ಗಿ ನೋಡುತ್ತಾನೆ. ಹೊಸಬಾಳೆಯ ದಾರಿಯಲ್ಲಿ ಹೊಂಡ ಬಂದಾಗ ವೇಗ ತಗ್ಗಿಸಿ, ಎಡಗೈಯನ್ನು ಹಿಂದಕ್ಕೆ ಚಾಚಿ ಗಂಟನ್ನು ಹಿಡಿದುಕೊಳ್ಳುತ್ತಾನೆ.