ಏಳನೇ ಡ್ರಮ್ಮಿನ ನೀರು

ನಮ್ಮ ಭಾವ ಊರಿಗೆಲ್ಲ ನೀರು ಬಿಡುತ್ತಿದ್ದವರು. ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲ ಮೇಲೆ ಹೊತ್ತು, ಬೀದಿ ಬೀದಿಯ ಗುಂಡಿಗೆ ಇಳಿದು ವಾಲ್ವ್ ತಿರುಗಿಸುವುದು, ಮೂವತ್ತು ವರ್ಷ ಅದೇ ಕೆಲಸ. ಆದರೆ ಆ ನೀರನ್ನು ತಮ್ಮ ಕುಂಬಳದ ಬಳ್ಳಿಗೆ ನೇರವಾಗಿ ಒಂದು ಚೊಂಬೂ ಹಾಕಿದವರಲ್ಲ. ಅದಕ್ಕೆ ಎಷ್ಟು ಬ್ಲೀಚಿಂಗ್ ಪೌಡರ್ ಸುರಿಯುತ್ತಾರೆ ಅಂತ ತಮಗೆ ಗೊತ್ತು ಅನ್ನುತ್ತಿದ್ದರು. ಊರಿನವರು ಕುಡಿಯಬಹುದಂತೆ, ಕುಂಬಳ ಕುಡಿಯಬಾರದಂತೆ. ಹೇಗಿದೆ ನೋಡಿ ನ್ಯಾಯ!

ಕುಂಬಳ ಅಂದರೆ ಚೀಲಕ್ಕೆ ಹಾಕಿಕೊಂಡು ಬರುವಂಥದ್ದಲ್ಲ. ನಾಲ್ಕು ಜನ ಗೋಣಿತಾಟಿನಲ್ಲಿ ಹೊರಬೇಕಾದ ರಾಕ್ಷಸ ಕಾಯಿ. ಅದರ ಹೊಟ್ಟೆಗೆ ದಿನಾ ಕೊಡಗಟ್ಟಲೆ ನೀರು ಬೇಕು, ಅದರ ನಾಲಿಗೆಯೋ ಹೊಸ ಅಳಿಯನದಕ್ಕಿಂತ ನಾಜೂಕು. ಭಾವ ಹಿತ್ತಲಿನ ಬೋರ್‌ವೆಲ್ ನೀರನ್ನು ಒಂದು ಸ್ಟೀಲ್ ಬಟ್ಟಲಲ್ಲಿ ಇಂಗುವವರೆಗೆ ಕುದಿಸಿ, ತಳದಲ್ಲಿ ನಿಂತ ಬಿಳಿ ಪುಡಿ ತೋರಿಸಿದ್ದರು. ಇದು ಬೇರಿಗೆ ಸುಣ್ಣ ಬಳಿಯೋ ನೀರು ಅಂತ ಅದನ್ನು ಬಿಟ್ಟರು. ನಲ್ಲಿ ನೀರಾದರೆ ಎರಡು ದಿನ ಬಾಯಿ ತೆರೆದಿಟ್ಟು, ವಾಸನೆ ಹೋಗಲಿಕ್ಕೆ ಬಿಡಬೇಕು. ಎಲ್ಲಕ್ಕಿಂತ ಮಳೆನೀರು ಒಳ್ಳೆಯದು. ಮೊದಲ ಕಾಲು ಗಂಟೆ ಹೆಂಚು ತೊಳೆದ ನೀರು ಚರಂಡಿಗೆ, ಆಮೇಲಿನದು ಬಟ್ಟೆಯಲ್ಲಿ ಸೋಸಿ ಡ್ರಮ್ಮಿಗೆ. ಡ್ರಮ್ಮಿನ ಬಾಯಿಗೆ ಸೊಳ್ಳೆ ಬಲೆ ಕಟ್ಟಬೇಕು, ಮುಚ್ಚಳ ಮಾತ್ರ ಕೂಡದು. ನೀರೂ ಉಸಿರಾಡಬೇಕು ಅನ್ನುತ್ತಿದ್ದರು.

ಹಾಕುವ ಮುಂಚೆ ಮಣಿಕಟ್ಟಿನವರೆಗೆ ಕೈ ಅದ್ದುವರು. ತಣ್ಣಗೂ ಇರಬಾರದು, ಬಿಸಿಯೂ ಇರಬಾರದು, ನೀರಿದೆ ಅಂತಲೇ ಕೈಗೆ ಗೊತ್ತಾಗಬಾರದು. ದಿನಾ ಬೆಳಿಗ್ಗೆ ಚಹಾಕ್ಕೆ ಮುಂಚೆ ಏಳೂ ಡ್ರಮ್ಮುಗಳನ್ನು ಬೆರಳ ಗೆಣ್ಣಿನಿಂದ ಸಾಲಾಗಿ ತಟ್ಟಿಕೊಂಡು ಹೋಗುವರು. ತುಂಬಿದ್ದರೆ ಮಂಕು ಸದ್ದು, ಖಾಲಿಯಾಗಿದ್ದರೆ ಬೊಂಯ್ ಅನ್ನುತ್ತದೆ. ಏಳನೆಯ ಸದ್ದು ಕೇಳಿದ ಕೂಡಲೇ ಅಕ್ಕ ಚಹಾ ಸೋಸುತ್ತಿದ್ದಳು.

ನನ್ನ ಪ್ರತಾಪವನ್ನೂ ಹೇಳಿಬಿಡುತ್ತೇನೆ. ಒಂದು ವರ್ಷ ಅಕ್ಕ ಭಾವ ಇಬ್ಬರೂ ಎರಡು ದಿನ ಊರಲ್ಲಿರಲಿಲ್ಲ, ಮನೆ ಕಾಯಲು ನಾನು ಬಂದಿದ್ದೆ. ಎಲೆ ಬಾಡಿದ್ದು ನೋಡಿ ನನಗೆ ಕರುಳು ಚುರ್ ಅಂತು. ಬೋರ್‌ವೆಲ್‌ನ ಪೈಪ್ ತಂದು ಬುಡಕ್ಕೆ ಬಿಟ್ಟು ಅರ್ಧ ದಿನ ಮರೆತೆ. ಅಷ್ಟು ದೊಡ್ಡ ಕಾಯಿ ಉದ್ದಕ್ಕೆ ಸೀಳಿಹೋಯಿತು, ಒಳಗೆ ಕೈ ತೂರಿಸಬಹುದಿತ್ತು. ಭಾವ ಬಂದವರು ಅದರ ಪಕ್ಕ ಕೂತು ಸೀಳಿನ ಮೇಲೆ ಕೈಯಾಡಿಸಿದರು. ಆಮೇಲೆ, ಪಾಪ, ಅದಕ್ಕೂ ಬಾಯಾರಿತ್ತು, ನಿಂಗೂ ಕನಿಕರ ಬಂತು ಅಂದರು, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಹೋದ ಮಳೆಗಾಲದ ಕೊನೆಗೆ ಏಳೂ ಡ್ರಮ್ ತುಂಬಿಸಿದರು. ಹತ್ತು ದಿನಕ್ಕೆ ವಾಲ್ವ್ ಗುಂಡಿಯ ಪಕ್ಕ ಸುಸ್ತು ಅಂತ ಕೂತವರು ಮತ್ತೆ ಏಳಲಿಲ್ಲ.

ನಾನು ಹೊಲಿಗೆ ಮಷಿನ್ ಹೊತ್ತುಕೊಂಡು ಅಕ್ಕನ ಮನೆಗೆ ಬಂದೆ. ಬರುವಷ್ಟರಲ್ಲಿ ಅಕ್ಕ ಏಳೂ ಡ್ರಮ್ಮಿಗೆ ಬಲೆಯ ಮೇಲೆ ಮುಚ್ಚಳ ಬಿಗಿದು, ಎರಡೆರಡು ಇಟ್ಟಿಗೆ ಹೇರಿದ್ದಳು. ಭಾವನ ಮಾತು ನೆನಪಿಸಿದೆ. ಅವರು ಹಿಡಿದಿಟ್ಟ ನೀರೂ ಆವಿಯಾಗಿ ಹೋದರೆ ನನಗೆ ಅಂತ ಏನುಳಿಯುತ್ತದೆ ಅಂತ ಕೇಳಿದಳು.

ಬೆಳಿಗ್ಗೆ ಮಾತ್ರ ಮೂರು ಲೋಟ ಚಹಾ. ಮೂರನೆಯದು ಹಿತ್ತಲ ಕಟ್ಟೆಯ ಮೇಲೆ ಕೂತು ಆರುತ್ತಿತ್ತು. ಇದೇನೇ ಅಂದರೆ, ಅವರು ತಟ್ಟುತ್ತಾರಲ್ಲ, ಕೇಳಿಸಲ್ವಾ ಅಂದಳು. ಇವಳಿಗೆ ತಲೆ ಕೆಟ್ಟಿತು ಅಂದುಕೊಂಡೆ. ನಾಲ್ಕನೇ ದಿನ ನನಗೂ ಕೇಳಿಸಿತು. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುತ್ತೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಹಿಗ್ಗುವ ಡ್ರಮ್ಮು ಒಂದರಿಂದ ಏಳರವರೆಗೆ ಸಾಲು ತಪ್ಪದೆ ಹಿಗ್ಗುತ್ತದೆಯೇ? ಆರೂ ಮಂಕು ಸದ್ದು, ಏಳನೆಯದೂ ಮಂಕು.

ಭಾವ ಉಳಿಸಿದ್ದ ಬೀಜಗಳಲ್ಲಿ ಮೊಳೆತದ್ದು ಒಂದೇ. ಅಕ್ಕ ನಲ್ಲಿ ನೀರನ್ನು ಬಕೆಟ್ಟಿನಲ್ಲಿ ಎರಡೆರಡು ದಿನ ತೆರೆದಿಟ್ಟು ಹಾಕಿ, ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದಳು. ಒಂದೇ ಕಾಯಿ ಬಿಟ್ಟಿತು, ನನ್ನ ಮೊಣಕಾಲೆತ್ತರ ಬೆಳೆಯಿತು. ಅಷ್ಟರಲ್ಲಿ ಊರಿನ ದೊಡ್ಡ ಪೈಪ್ ಒಡೆಯಿತು. ಎಂಟು ದಿನವಾದರೂ ನಲ್ಲಿಯಲ್ಲಿ ಹನಿ ಇಲ್ಲ. ಹಿತ್ತಲಿನ ಬೋರ್‌ವೆಲ್ ಬೇಸಿಗೆಗೆ ಬತ್ತಿಹೋಗಿತ್ತು. ಕುಡಿಯಲು ಟ್ಯಾಂಕರಿನವನು ಕೊಡುತ್ತಿದ್ದದ್ದೇ ಎರಡು ಕೊಡ. ಎಲೆಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು. ಈ ಕಾಯಿ ಹೋದರೆ ಭಾವನ ಬೀಜವೇ ಮುಗಿಯಿತು. ಡ್ರಮ್ ತೆಗೆಯೇ ಅಂತ ಗೋಗರೆದೆ, ಜಗಳ ಆಡಿದೆ, ಮುಖ ಊದಿಸಿಕೊಂಡು ಒಂದು ಹೊತ್ತು ಊಟ ಬಿಟ್ಟೆ. ಜಪ್ಪಯ್ಯ ಅಂದರೂ ಅಕ್ಕ ಒಪ್ಪಲಿಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ತಟ್ಟುವುದು ಶುರುವಾಯಿತು. ಒಂದು, ಎರಡು, ಮೂರು, ಎಲ್ಲ ಮಂಕು. ಏಳನೆಯದು ಬೊಂಯ್ ಅಂತು.

ಅಕ್ಕನ ಕೈಯಲ್ಲಿದ್ದ ಸೋಸುವ ಜರಡಿ ಬಿತ್ತು. "ಅದು ತುಂಬಿತ್ತು ಕಣೇ. ನಾನೇ ಮುಚ್ಚಿದ್ದೆ."

ಇಬ್ಬರೂ ಓಡಿದೆವು. ಬಿಸಿಲಿಗೆ ಒಣಗಿದ್ದ ಏಳನೆಯ ಮುಚ್ಚಳ ಇಟ್ಟಿಗೆಯ ಭಾರಕ್ಕೆ ನಡುವೆ ಬಿರುಕು ಬಿಟ್ಟಿತ್ತು. ಬಿರುಕಿನ ಮೂಲಕ ಅರ್ಧ ನೀರು ಆವಿಯಾಗಿ ಹೋಗಿತ್ತು. ಯಾವತ್ತು ಒಡೆಯಿತೋ ಗೊತ್ತಿಲ್ಲ, ನಿನ್ನೆಯವರೆಗೂ ಮಂಕು ಸದ್ದೇ ಕೇಳಿದ್ದೆವು. ಅಕ್ಕ ಮೊದಲ ಡ್ರಮ್ಮಿನ ಇಟ್ಟಿಗೆ ಇಳಿಸಿ ಮುಚ್ಚಳ ತೆಗೆದಳು. ಕೊಳೆತ ನಾತ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಆರೂ ಉಸಿರುಕಟ್ಟಿ ಸತ್ತಿದ್ದವು.

"ಅವರ ನೀರನ್ನ ನಾನೇ ಕೊಂದೆ," ಅಂತ ಅಕ್ಕ ಅಲ್ಲೇ ಕುಸಿದಳು. ನನಗೂ ಅಳು ತಡೆಯಲಾಗಲಿಲ್ಲ.

ಏಳನೆಯದರ ಒಡೆದ ಮುಚ್ಚಳ ತೆಗೆದು ಬಲೆ ಬಿಚ್ಚಿದೆ. ಬಿರುಕಿನಿಂದ ಅದೊಂದು ಉಸಿರಾಡಿತ್ತು. ತಳ ಕಾಣುವಷ್ಟು ತಿಳಿ, ವಾಸನೆಯೇ ಇಲ್ಲ. ಅಕ್ಕನನ್ನು ಎಬ್ಬಿಸಿದೆ. ಅವಳು ಬಾಗಿ ಮಣಿಕಟ್ಟಿನವರೆಗೆ ಕೈ ಅದ್ದಿದಳು. ಬಹಳ ಹೊತ್ತು ತೆಗೆಯಲಿಲ್ಲ. ಕಣ್ಣು ಮುಚ್ಚಿತ್ತು. ಆಮೇಲೆ ಅವಳೇ ಮೊದಲ ಕೊಡ ಮೊಗೆದಳು.

ದಿನಕ್ಕೆ ಎರಡು ಕೊಡ, ಬುಡಕ್ಕೆ ಮಾತ್ರ, ನಿಧಾನವಾಗಿ. ಪೈಪ್ ಹಿಡಿದು ಕಾಯಿ ಸೀಳಿದ ಕೈಯಿಂದಲೇ ನಾನು ಚೊಂಬು ಚೊಂಬಾಗಿ ಹನಿಸಿದೆ. ದಿನಾ ಬೆಳಿಗ್ಗೆ ಏಳನೆಯ ಸದ್ದು ಹೆಚ್ಚು ಹೆಚ್ಚು ಪೊಳ್ಳಾಗುತ್ತಾ ಬಂತು. ನೀರು ಮುಗಿದರೆ ಆ ತಟ್ಟುವುದೂ ಮುಗಿಯುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು. ಎರಡನೇ ದಿನ ನಲ್ಲಿ ಬಂತು, ಬಕೆಟ್ಟುಗಳಲ್ಲಿ ಹಿಡಿದು ತೆರೆದಿಟ್ಟೆವು. ನಾಲ್ಕನೇ ದಿನ ಡ್ರಮ್ಮು ಬರಿದಾಗುವ ಹೊತ್ತಿಗೆ ಆ ನೀರು ತಯಾರಾಗಿತ್ತು, ಎಲೆಗಳೂ ತಲೆಯೆತ್ತಿದ್ದವು. ಕೊಳೆತ ಆರನ್ನೂ ಚರಂಡಿಗೆ ಚೆಲ್ಲಿ, ಉಜ್ಜಿ, ಏಳನ್ನೂ ಸೂರಿನ ಕೆಳಗೆ ಸಾಲಾಗಿಟ್ಟು ಬಲೆ ಕಟ್ಟಿದೆವು.

ಮರುದಿನ ಬೆಳಿಗ್ಗೆ ಯಾರೂ ತಟ್ಟಲಿಲ್ಲ. ಅಕ್ಕ ಚಹಾ ಸೋಸದೆ ಒಲೆಯ ಮುಂದೆ ನಿಂತೇ ಇದ್ದಳು. ನೋಡಲಾಗದೆ ನಾನೇ ಹೋಗಿ ಗೆಣ್ಣಿನಿಂದ ತಟ್ಟುತ್ತಾ ಬಂದೆ. ಆರಾಯಿತು. ಏಳನೆಯದಕ್ಕೆ ಕೈ ಏಳಲಿಲ್ಲ. ಇಬ್ಬರೂ ಕಾದೆವು.

"ತಟ್ಟೇ," ಅಂದಳು ಅಕ್ಕ ಒಳಗಿನಿಂದ. "ಇನ್ನು ಅವರು ತಟ್ಟಲ್ಲ."

ತಟ್ಟಿದೆ. ಅಕ್ಕ ಎರಡೇ ಲೋಟ ತಂದಳು.